ಚುಕ್ಕೆ ಎಣಿಸುವ ಹವ್ಯಾಸ



"ಅಂಗಡಿ ತುಂಬ ಹೊಸ ಚಾಕು ಇರುವಾಗ, ಯಾರೋ ಉಪಯೋಗಿಸಿ ಸವೆಸಿದ್ದನ್ನು ದುಡ್ಡು ಕೊಟ್ಟು ತರ್ತೀರಲ್ಲ, ನಿಮಗೇನಾಗಿದೆ?" ಶನಿವಾರ ಬೆಳಿಗ್ಗೆ ನಾನು ಫ್ಲೀ ಮಾರ್ಕೆಟ್ಟಿಗೆ ಹೊರಟಾಗಲೆಲ್ಲ ನನ್ನಾಕೆ ಕೇಳುವ ಪ್ರಶ್ನೆ ಇದು. ಬಾಗಿಲಲ್ಲಿ ನಿಂತು ಕೊಡುವ ಉತ್ತರ ಅಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಜೊತೆಗೆ ನಾನು ಮಾಡಿದ ಒಂದು ಪೆದ್ದು ಕೆಲಸವನ್ನೂ ಹೇಳಿಬಿಡುತ್ತೇನೆ.

ನಾನು ಕೂಡಿಹಾಕುವುದು ಜೇಬಿನಲ್ಲಿಡುವ ಮಡಿಸುವ ಚಾಕುಗಳನ್ನು. ಅಮೆರಿಕದ ಹಳ್ಳಿಗಾಡಿನಲ್ಲಿ ರೈತನ ಜೇಬಿನಲ್ಲಿ ಕರವಸ್ತ್ರ ಇಲ್ಲದಿದ್ದರೂ ಇಂಥದೊಂದು ಚಾಕು ಇರುತ್ತಿದ್ದ ಕಾಲವಿತ್ತು. ಇವುಗಳಲ್ಲಿ ಬಲು ಹೆಸರಾದದ್ದು ಪೆನ್ಸಿಲ್ವೇನಿಯಾದ ಬ್ರಾಡ್‌ಫರ್ಡ್ ಊರಿನ ಕೇಸ್ ಕಂಪನಿಯ ಚಾಕು. ಅದರ ಅಲಗು ಬಿಚ್ಚಿ ಬುಡದಲ್ಲಿ, ಹಿಡಿಗೆ ಸೇರುವ ಕಡೆ ನೋಡಿದರೆ ಪುಟ್ಟ ಮುದ್ರೆ ಕಾಣುತ್ತದೆ. ಚಾಕುವಿನ ಜಾತಕವೆಲ್ಲ ಅಲ್ಲೇ ಇದೆ.

1940ರಿಂದ 1964ರವರೆಗಿನ ಮುದ್ರೆ 'ಕೇಸ್ ಎಕ್ಸ್ ಎಕ್ಸ್'. 1965ರಿಂದ 1969ರವರೆಗೆ ಅದರ ಕೆಳಗೆ 'ಯು.ಎಸ್.ಎ.' ಸೇರಿತು. 1970ರಲ್ಲಿ ಅದರಡಿ ಹತ್ತು ಚುಕ್ಕೆ ಇಟ್ಟು, ಮುಂದೆ ವರ್ಷಕ್ಕೊಂದು ಚುಕ್ಕೆ ತೆಗೆಯುತ್ತ ಬಂದರು. ಏಳು ಚುಕ್ಕೆ ಇದ್ದರೆ 1973, ಒಂದೇ ಇದ್ದರೆ 1979. ಇನ್ನೊಂದು ಕಡೆ ಮಾದರಿಯ ಸಂಖ್ಯೆ ಇರುತ್ತದೆ. 6318 ಎಂದಿದ್ದರೆ 6 ಅಂದರೆ ಮೂಳೆಯ ಹಿಡಿ, 3 ಅಂದರೆ ಮೂರು ಅಲಗು, 18 ಆ ವಿನ್ಯಾಸದ ಸಂಖ್ಯೆ. ಮೊದಲ ಅಂಕಿ 5 ಆಗಿದ್ದರೆ ಕೊಂಬಿನ ಹಿಡಿ. ಆ ಕೊಂಬು ಎಲ್ಲಿಯದು ಅಂತೀರಿ? ಎಷ್ಟೋ ಹಳೆಯ ಚಾಕುಗಳಲ್ಲಿ ಇರುವುದು ನಮ್ಮ ಭಾರತದ ಕಾಡಿನ ಕಡವೆ ಉದುರಿಸಿದ ಕೊಂಬು! 1990ರ ದಶಕದ ಕೊನೆಯಲ್ಲಿ ಭಾರತ ಅದರ ರಫ್ತನ್ನು ನಿಲ್ಲಿಸಿತು.

ಈಗ ನನ್ನ ಪೆದ್ದುತನದ ಕಥೆ. ಈ ಹುಚ್ಚು ಹಿಡಿದ ಹೊಸದರಲ್ಲಿ ಒಬ್ಬ ಹಿರಿಯರ ಮೇಜಿನಿಂದ ಒಂದು 6318 ಕೊಂಡೆ. ಹದಿನೆಂಟು ಡಾಲರ್. "ನಮ್ಮಪ್ಪನದು. ಹಸು ಸಾಕಿದ್ದರು," ಎಂದರು ಅವರು. ಈ ಮಾದರಿಯ ಮೂರು ಅಲಗಿನಲ್ಲಿ ಒಂದು ಇರುವುದೇ ಹೋರಿಗರುಗಳ ಬೀಜ ತೆಗೆಯಲು. ಬೇರೆ ಚಾಕುಗಳಲ್ಲಿ ಆ ಅಲಗು ಹೊಸದರಂತೆಯೇ ಉಳಿದಿರುತ್ತದೆ. ಇದರಲ್ಲಿ ಅದೂ ಸಾಣೆಕಲ್ಲು ತಿಂದು ಅರ್ಧಕ್ಕರ್ಧ ಸವೆದಿತ್ತು. ಅವರಪ್ಪ ದನದ ಕೆಲಸವನ್ನು ಕೈಯಾರೆ ಮಾಡಿದವರು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕೇ?

ಆದರೆ ಆಗ ನನಗೆ ಕಂಡದ್ದು ಬರೀ ಕೊಳೆ. ಮನೆಗೆ ತಂದವನೇ ಗರಾಜಿನಲ್ಲಿ ಪಾಲಿಶ್ ಚಕ್ರಕ್ಕೆ ಹಿಡಿದೆ. ಐದೇ ನಿಮಿಷದಲ್ಲಿ ಕನ್ನಡಿಯಂತೆ ಹೊಳೆಯಿತು. ಬುಡದಲ್ಲಿ ಚುಕ್ಕೆಗಳ ಸಾಲೊಂದನ್ನು ಕೊಳ್ಳುವಾಗ ನೋಡಿದ್ದೆ, ಅಲಂಕಾರವೆಂದುಕೊಂಡು ಎಣಿಸಿರಲಿಲ್ಲ. ಅವುಗಳ ಅರ್ಥ ತಿಳಿದು ಭೂತಕನ್ನಡಿ ಹಿಡಿದು ಹುಡುಕುವ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಒಬ್ಬರ ಜೀವಮಾನದ ಗುರುತನ್ನು ಐದು ನಿಮಿಷದಲ್ಲಿ ಒರೆಸಿ ಹಾಕಿದ್ದೆ.

ಕಾರ್ಬನ್ ಸ್ಟೀಲಿನ ಅಲಗು ಕಪ್ಪಾಗುವುದು ಕೊಳೆಯಿಂದಲ್ಲ. ಬಾಳೆಕಾಯಿ, ಮಾವಿನಕಾಯಿ ಹೆಚ್ಚಿ ಹೆಚ್ಚಿ ನಮ್ಮ ಈಳಿಗೆಮಣೆ ಕಪ್ಪಾಗುವುದಿಲ್ಲವೇ, ಹಾಗೆಯೇ ಇದು. ಆ ಬೂದುಗಪ್ಪು ಬಣ್ಣ ತುಕ್ಕನ್ನು ಸ್ವಲ್ಪ ಮಟ್ಟಿಗೆ ದೂರ ಇಡುತ್ತದೆ. ಕೆಂಪು ತುಕ್ಕು ಹಿಡಿದು ಗುಳಿ ಬಿದ್ದಿದ್ದರೆ ಮಾತ್ರ ಚಿಂತೆ.

ಹಾಗಾಗಿ ಸವೆದ ಚಾಕು ಕೊಳ್ಳುವಾಗ ಈಗ ನಾನು ನೋಡುವುದು ಇಷ್ಟು. ಮೊದಲು ಕಿವಿ: ಅಲಗು ಬಿಚ್ಚುವಾಗಲೂ ಮುಚ್ಚುವಾಗಲೂ 'ಟಕ್' ಎನ್ನಬೇಕು, ಎಂದರೆ ಬೆನ್ನಿನ ಸ್ಪ್ರಿಂಗ್ ಗಟ್ಟಿಯಾಗಿದೆ. ಆಮೇಲೆ ಬಿಚ್ಚಿದ ಅಲಗನ್ನು ಅತ್ತಿತ್ತ ಮೆಲ್ಲಗೆ ಅಲುಗಿಸುತ್ತೇನೆ, ಲಟಪಟ ಎಂದರೆ ಬೇಡ. ಅಲಗು ಸವೆದು ಸಣ್ಣಗಾಗಿದ್ದರೆ ಪರವಾಗಿಲ್ಲ, ಮುರಿದ ತುದಿಯನ್ನು ತಿದ್ದಿ ಮುಚ್ಚಿಟ್ಟಿದ್ದರೆ ಕೂಡದು. ಹಿಡಿ ಸೆಲ್ಯುಲಾಯ್ಡಿನದಾಗಿದ್ದರೆ ಮೂಸಿ ನೋಡುತ್ತೇನೆ. ಅದು ಹಳತಾಗಿ ಕೆಡುವಾಗ ಬಿಡುವ ಆವಿ ಅಲಗನ್ನು ತಿನ್ನುತ್ತದೆ, ಪಕ್ಕದ ಚಾಕುಗಳನ್ನೂ ಬಿಡುವುದಿಲ್ಲ. ಅದನ್ನು ಬೇರೆಯೇ ಇಡಬೇಕು. ಕೊನೆಗೆ, ವಯಸ್ಸಿಗೆ ಮೀರಿ ಹೊಳೆಯುವ ಚಾಕು ಕಂಡರೆ ಅನುಮಾನ ಪಡುತ್ತೇನೆ. ಅದಕ್ಕೆ ಕಾರಣ ನಿಮಗೆ ಗೊತ್ತೇ ಇದೆ! ಮನೆಗೆ ತಂದ ಮೇಲೆ ಬಟ್ಟೆಯಲ್ಲಿ ಒರೆಸಿ ಕೀಲಿಗೆ ಒಂದು ತೊಟ್ಟು ಮಿನರಲ್ ಆಯಿಲ್ ಬಿಟ್ಟರೆ ಸಾಕು. ಅಡುಗೆ ಎಣ್ಣೆ ಬೇಡ, ಅಂಟಾಗುತ್ತದೆ.

ಕಥೆ ಇನ್ನೂ ಮುಗಿದಿಲ್ಲ. ಕೆಲವು ವರ್ಷಗಳ ನಂತರ ನನ್ನಲ್ಲಿ ಹೆಚ್ಚಾದ ಚಾಕುಗಳನ್ನು ಮಾರಲು ಒಂದು ಪ್ರದರ್ಶನದಲ್ಲಿ ಮೇಜು ಹಾಕಿದ್ದೆ. ಹೊಸದಾಗಿ ಹುಚ್ಚು ಹತ್ತಿದ್ದ ಒಬ್ಬ ಹುಡುಗ ಬಂದು ಆ 6318 ಎತ್ತಿಕೊಂಡ. ಬುಡ ನೋಡಿದವನ ಕಣ್ಣರಳಿತು. "ಯು.ಎಸ್.ಎ. ಇದೆ, ಚುಕ್ಕೆ ಇಲ್ಲ. ಹಾಗಾದರೆ ಅರವತ್ತರ ದಶಕದ್ದು!" ಎನ್ನುತ್ತ ಎಂಬತ್ತು ಡಾಲರ್ ತೆಗೆದು ಹಿಡಿದ.

ನಾನು ಸುಳ್ಳು ಹೇಳಬೇಕಾಗಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ನಿಜ ಹೇಳುತ್ತೇನೆ, ಒಂದು ಕ್ಷಣ ಸುಮ್ಮನೇ ಇದ್ದೆ. ಆಮೇಲೆ ಬಾಯಿಬಿಟ್ಟೆ: "ಚುಕ್ಕೆ ಇತ್ತಪ್ಪ, ನಾನೇ ಅಳಿಸಿದೆ. ಎಪ್ಪತ್ತರ ದಶಕದ್ದು, ಯಾವ ವರ್ಷ ಅಂತ ಇನ್ನು ಯಾರೂ ಹೇಳಲಾರರು." ಹುಡುಗ ನಕ್ಕು ನೋಟುಗಳನ್ನು ಜೇಬಿಗೆ ಸೇರಿಸಿದ. ಚಾಕು ನನ್ನಲ್ಲೇ ಉಳಿಯಿತು.

ಅಂದೇ ರಾತ್ರಿ ಒಂದು ಚೀಟಿಯಲ್ಲಿ ಈ ಸಂಗತಿಯನ್ನೆಲ್ಲ ಬರೆದು ಅದರ ಜೊತೆಗೆ ಡಬ್ಬಿಯಲ್ಲಿಟ್ಟೆ. ನನ್ನ ನಂತರ ಯಾರ ಕೈಗೆ ಹೋದರೂ ಅವರಿಗೆ ಮೋಸ ಆಗದಿರಲಿ ಅಂತ.

ಆಯುಧಪೂಜೆಗೆ ನನ್ನಾಕೆ ಈ ಡಬ್ಬಿಗೂ ಅರಿಶಿನ ಕುಂಕುಮ ಹಚ್ಚುತ್ತಾಳೆ, ಹೂ ಇಡುತ್ತಾಳೆ. ಡಬ್ಬಿಗೆ ಮಾತ್ರ, ಅಲಗಿಗೆ ನೀರು ತಾಗಿಸಲು ನಾನು ಬಿಡುವುದಿಲ್ಲ. ನಿಮ್ಮ ಮನೆಯಲ್ಲೂ ಅಜ್ಜನದೊಂದು ಅಡಕತ್ತರಿಯೋ ಚಾಕುವೋ ಇದ್ದರೆ, ಪೂಜೆಗೆಂದು ತಿಕ್ಕಿ ಬೆಳಗುವ ಮುನ್ನ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಏನಾದರೂ ಬರೆದಿದ್ದರೆ ಓದಿಕೊಳ್ಳಿ. ಚುಕ್ಕೆ ಇದ್ದರೆ ಎಣಿಸಿಕೊಳ್ಳಿ.