ಮನೆಯಂಗಳದಲ್ಲಿ ಮುರುಗಲು

ಬೇಸಿಗೆ ಕಾಲಿಟ್ಟೊಡನೆ ಮುಂಬಯಿ, ಪುಣೆಯ ನಮ್ಮ ಮನೆಗಳಲ್ಲಿ ಮುರುಗಲಿನ ಪಾನಕ ಸಿದ್ಧವಾಗುತ್ತದೆ. ದಕ್ಷಿಣ ಕನ್ನಡದವರಿಗೆ ಇದು ಪುನರ್ಪುಳಿ. ನೆರೆಯ ಮರಾಠಿ ಬಾಂಧವರಿಗೆ ಹಣ್ಣು ರಾತಾಂಬಾ, ಒಣಗಿದ ಸಿಪ್ಪೆ ಕೋಕಂ. ಸಿಪ್ಪೆ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುತ್ತದೆಯಾದರೂ ಮರವನ್ನು ಕಂಡಿರುವ ನಗರವಾಸಿಗಳು ವಿರಳ. ಪಶ್ಚಿಮ ಘಟ್ಟ ಮತ್ತು ಕೊಂಕಣ ತೀರದ ಈ ನಿತ್ಯಹರಿದ್ವರ್ಣ ಮರವನ್ನು ಅಂಗಳವುಳ್ಳವರು ಅವಶ್ಯವಾಗಿ ಬೆಳೆಸಬಹುದು. ಆದರೆ ಸಸಿಯ ಆಯ್ಕೆಯಲ್ಲಿ ಎಚ್ಚರ ಬೇಕು.

ಮುರುಗಲಿನಲ್ಲಿ ಗಂಡು ಮರ, ಹೆಣ್ಣು ಮರಗಳು ಸಾಮಾನ್ಯವಾಗಿ ಬೇರೆ ಬೇರೆ. ಬೀಜದಿಂದ ಎದ್ದ ಸಸಿಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಗಂಡು. ಇದು ತಿಳಿಯುವುದು ಹೂ ಬಿಟ್ಟಾಗಲೇ, ಅಂದರೆ ಸುಮಾರು ಏಳೆಂಟು ವರ್ಷಗಳ ಬಳಿಕ! ಅವಧಿ ತುಂಬಿದ ಠೇವಣಿಗೆ ಬಡ್ಡಿಯೇ ಇಲ್ಲವೆಂದರೆ ಹೇಗಾದೀತು? ಒಂದೇ ಮರಕ್ಕೆ ಜಾಗವಿರುವವರು ಹೆಣ್ಣು ಮರದ ಕುಡಿಯಿಂದ ತಯಾರಿಸಿದ ಕಸಿ ಗಿಡವನ್ನೇ ಕೇಳಿ ಪಡೆಯತಕ್ಕದ್ದು. ಅದು ನಾಲ್ಕೈದು ವರ್ಷಗಳಲ್ಲಿ ಫಲ ಕೊಡತೊಡಗುತ್ತದೆ. ಕುಡಿಯನ್ನು ನೆಟ್ಟಗೆ ಮೇಲೇಳುವ ತುದಿಯಿಂದ ತೆಗೆದಿರಬೇಕು. ಅಡ್ಡ ಕೊಂಬೆಯದಾದರೆ ಗಿಡ ಎತ್ತರಕ್ಕೇರದೆ ಪೊದೆಯಂತೆ ಹರಡುತ್ತದೆ. ಪರಾಗಕ್ಕಾಗಿ ತೋಟಗಾರರು ಹತ್ತು ಗಿಡಗಳಿಗೊಂದರಂತೆ ಗಂಡು ಗಿಡ ನೆಡುತ್ತಾರೆ. ಸಮೀಪದಲ್ಲಿ ಗಂಡು ಮರವಿಲ್ಲದಿದ್ದರೆ ಬಲಿತ ಹೆಣ್ಣು ಮರದ ಒಂದು ಕೊಂಬೆಗೆ ಗಂಡು ಕುಡಿಯನ್ನು ಕಸಿ ಮಾಡಿಸಬಹುದು.

ದಾಪೋಲಿಯ ಕೊಂಕಣ ಕೃಷಿ ವಿದ್ಯಾಪೀಠ ನೀಡಿರುವ 'ಕೊಂಕಣ ಅಮೃತ' ತಳಿಯನ್ನು ನಾವು ಮೆಚ್ಚುವುದಕ್ಕೆ ಕಾರಣವಿದೆ. ಮುರುಗಲು ಚಳಿಗಾಲದಲ್ಲಿ ಹೂ ಬಿಟ್ಟು ಏಪ್ರಿಲ್-ಮೇ ತಿಂಗಳುಗಳಲ್ಲಿ ಹಣ್ಣಾಗುತ್ತದೆ. ತಡವಾಗಿ ಮಾಗುವ ಹಣ್ಣು ಮಳೆಗೆ ಸಿಕ್ಕಿ ಹಾಳಾಗುತ್ತದೆ. ಈ ತಳಿಯ ಫಲ ಮಳೆಗೆ ಮುನ್ನವೇ ಕೈಸೇರುತ್ತದೆ.

ಮುಂಗಾರಿನ ಆರಂಭದಲ್ಲಿ ಎರಡಡಿ ಗುಂಡಿ ತೋಡಿ, ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ನೆಟ್ಟರಾಯಿತು. ಬುಡದಲ್ಲಿ ನೀರು ನಿಲ್ಲಬಾರದು. ಮೊದಲೆರಡು ಬೇಸಿಗೆ ನೆರಳು ಮತ್ತು ನೀರು ಅಗತ್ಯ. ಚೆನ್ನೈ, ಹೈದರಾಬಾದಿನಲ್ಲಿ ಈ ಆರೈಕೆ ಇನ್ನಷ್ಟು ಬೇಕು. ದೆಹಲಿಯ ಚಳಿ ಮತ್ತು ಬಿಸಿಗಾಳಿ ಇದಕ್ಕೆ ಸಲ್ಲದು. ಅಲ್ಲಿನ ಬಂಧುಗಳು ಊರಿನಿಂದ ಸಿಪ್ಪೆ ತರಿಸಿಕೊಳ್ಳುವುದೇ ಲೇಸು.

ಹಣ್ಣು ಬಂದ ಮೇಲೆ ಸಿಪ್ಪೆಯನ್ನು ಬಿಡಿಸಿ, ಉಪ್ಪು ಬೆರೆತ ತಿರುಳಿನ ರಸದಲ್ಲಿ ಮತ್ತೆ ಮತ್ತೆ ಅದ್ದಿ ಕೆಲವು ದಿನ ಬಿಸಿಲಿನಲ್ಲಿ ಒಣಗಿಸಬೇಕು. ಬೀಜವನ್ನು ಎಸೆಯದಿರಿ. ಅದನ್ನು ಕುಟ್ಟಿ ನೀರಿನಲ್ಲಿ ಕುದಿಸಿದರೆ ಮೇಲೆ ತೇಲುವ ಜಿಡ್ಡು ತಣಿದು ಗಟ್ಟಿಯಾಗುತ್ತದೆ. ಹಿಮ್ಮಡಿಯ ಬಿರುಕಿಗೆ ಉತ್ತರ ಕನ್ನಡದ ಹಿರಿಯರು ಹಚ್ಚುವ ಮುರುಗಲು ತುಪ್ಪ ಇದೇ.