ನೂರಾ ಹನ್ನೊಂದೋ, ನೂರಾ ಹನ್ನೆರಡೋ?

ಮಣಿಪಾಲದ ನನ್ನ ಗೆಳೆಯರೊಬ್ಬರು ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಲೆಕ್ಕ ನೋಡಿ ನಿವೃತ್ತರಾದವರು. ಗಾಲ್ಫ್ ಆಡಿ ಬಂದ ಮರುದಿನ ನನ್ನ ಸ್ಕೋರ್‌ಕಾರ್ಡನ್ನು ಹೆಮ್ಮೆಯಿಂದಲೇ ಅವರ ಮುಂದಿಟ್ಟೆ. ಹದಿನೆಂಟು ಹೋಲಿಗೆ 111. ಅವರು ಕನ್ನಡಕ ಮೇಲೇರಿಸಿ ಎರಡು ಸಲ ನೋಡಿದರು. “ಎಂತ ಮಾರಾಯ್ರೆ ಇದು? ಟೋಟಲ್ ಮಾತ್ರ ಉಂಟು. ಖರ್ಚಾದದ್ದು ಎಲ್ಲಿ ಅಂತ ಬರ್ದೇ ಇಲ್ಲ!”

ಆಮೇಲೆ ಒಂದೊಂದೇ ಹೋಲ್ ಕೇಳುತ್ತಾ ಬಂದರು. ಒಂದು ಪಾರ್ 4 ಹೋಲಿನಲ್ಲಿ ನಾನು 9 ಎಂದು ಬರೆದಿದ್ದೆ. ನೆನಪು ಮಾಡಿಕೊಂಡು ಹೇಳಿದೆ: ಟೀಯಿಂದ ಹೊಡೆದ ಚೆಂಡು ಪೊದೆಗೆ ಹೋಗಿ ಸಿಗಲೇ ಇಲ್ಲ. ಮತ್ತೆ ಟೀಯಿಂದಲೇ ಹೊಡೆದೆ. ಮುಂದಿನದ್ದು ಚೆಂಡಿನ ತಲೆಗೆ ಬಡಿದು ಇಪ್ಪತ್ತು ಗಜ ಉರುಳಿತು. ಅದರ ಮುಂದಿನದ್ದು ಗ್ರೀನಿನ ಅಂಚಿಗೆ. ಚಿಪ್ ಮಾಡಿದರೆ ಆಚೆ ಬದಿಗೆ ಹಾರಿತು, ವಾಪಸ್ ಇನ್ನೊಂದು ಚಿಪ್. ಮೂರು ಪಟ್. ಅವರು ಬೆರಳು ಮಡಚುತ್ತಾ ಎಣಿಸಿದರು. “ಒಂಬತ್ತು ಹೊಡೆತ ಸರಿ. ಕಳೆದುಹೋದ ಚೆಂಡಿನ ದಂಡ ಎಲ್ಲಿ?” ಅಂದರೆ ಹತ್ತು. ಕಾರ್ಡಿನ ಒಟ್ಟು 111 ಅಲ್ಲ, 112. ಮೋಸ ಮಾಡಬೇಕೆಂದೇನೂ ಇರಲಿಲ್ಲ. ಹೊಸಬರ ಕಾರ್ಡಿನಲ್ಲಿ ಅತಿ ಹೆಚ್ಚು ತಪ್ಪಿಹೋಗುವ ಹೊಡೆತ ಇದೇ: ಹೊಡೆಯದೆಯೇ ಖರ್ಚಾದದ್ದು.

ಉಡುಪಿ, ಕಾಪು ಕಡೆಯವರಿಗೆ ಗಾಲ್ಫ್ ಎಂದರೆ ಮಂಗಳೂರಿನ ಹೊರಗೆ ವಾಮಂಜೂರು ಪಕ್ಕದ ಪಿಲಿಕುಳ. ಕಾರ್ಕಳದವರಿಗೆ ಮೂಡುಬಿದಿರೆ, ಗುರುಪುರ ದಾಟಿದರೆ ಸಾಕು. ನಮಗೆ ಪಡುಬಿದ್ರಿ, ಮುಲ್ಕಿ, ಸುರತ್ಕಲ್ ಎಲ್ಲ ಹಾದು ಹೋಗಬೇಕು. ತುಳುವಿನಲ್ಲಿ ಪಿಲಿ ಎಂದರೆ ಹುಲಿ, ಪಿಲಿಕುಳ ಹುಲಿಯ ಕೊಳ. ಟೈಗರ್ ವುಡ್ಸ್ ಅಭಿಮಾನಿಗಳಿಗೆ ಇದಕ್ಕಿಂತ ಒಳ್ಳೆಯ ಹೆಸರು ಎಲ್ಲಿ ಸಿಗಬೇಕು! ಇಷ್ಟು ದೂರ ಹೋಗಿ ತಿಂಗಳಿಗೆ ಎರಡು ಸಲ ಆಡುವವರು ಆಟವನ್ನು ಸುಧಾರಿಸಿಕೊಳ್ಳುವುದು ಹೇಗೆ ಎಂಬುದೇ ನಮ್ಮ ಕಡೆಯ ಪ್ರಶ್ನೆ. ಮೊದಲು ಎಣಿಸುವುದನ್ನು ಕಲಿಯಬೇಕು.

ಎಣಿಕೆಯ ನಿಯಮ ಸರಳ. ಚೆಂಡಿಗೆ ಹೊಡೆಯಬೇಕೆಂದು ಬೀಸಿದ ಪ್ರತಿ ಬೀಸೂ ಒಂದು ಹೊಡೆತ, ಚೆಂಡಿಗೆ ತಾಗದಿದ್ದರೂ. ಟೀಯ ಮೇಲಿನ ಚೆಂಡು ಆಟ ಶುರುವಾಗುವ ಮೊದಲು ಕೈತಪ್ಪಿ ತಾಗಿ ಬಿದ್ದರೆ ಲೆಕ್ಕವಿಲ್ಲ. ಎತ್ತಿ ಮತ್ತೆ ಇಡಬಹುದು. ಕೆಂಪು ಅಥವಾ ಹಳದಿ ಗೂಟದ ನೀರಿಗೆ ಬಿದ್ದರೆ ಒಂದು ದಂಡ ಸೇರಿಸಿ ಹೊರಗೆ ಚೆಂಡು ಬೀಳಿಸಿ ಆಡಬಹುದು. ಚೆಂಡು ಕಳೆದುಹೋದರೆ ಅಥವಾ ಬಿಳಿ ಗೂಟದಾಚೆ ಹೋದರೆ ಪೆಟ್ಟು ದೊಡ್ಡದು: ಒಂದು ದಂಡ, ಜತೆಗೆ ಹೊಡೆದ ಜಾಗಕ್ಕೇ ವಾಪಸ್. ಟೀಯಿಂದ ಕಳೆದರೆ ಮತ್ತೆ ಟೀಯಿಂದ ಹೊಡೆಯುವುದು ಮೂರನೆಯ ಹೊಡೆತ. ಹುಡುಕಲು ಹಿಂದೆ ಐದು ನಿಮಿಷ ಇತ್ತು, 2019ರಿಂದ ಮೂರೇ ನಿಮಿಷ. ಪೊದೆಯ ಕಡೆ ಹೋಗುವುದು ಕಂಡ ಕೂಡಲೇ “ಇದು ಪ್ರೊವಿಷನಲ್” ಎಂದು ಬಾಯಿಬಿಟ್ಟು ಹೇಳಿ ಇನ್ನೊಂದು ಚೆಂಡು ಹೊಡೆದಿಟ್ಟರೆ ವಾಪಸ್ ನಡೆಯುವುದು ತಪ್ಪುತ್ತದೆ. ಹೇಳದೆ ಹೊಡೆದರೆ ಆ ಎರಡನೆಯದೇ ನಿಮ್ಮ ಆಟದ ಚೆಂಡು, ಮೊದಲನೆಯದು ಆಮೇಲೆ ಸಿಕ್ಕರೂ ಉಪಯೋಗವಿಲ್ಲ.

ಸ್ಪರ್ಧೆಯಲ್ಲಿ ನಿಮ್ಮ ಕಾರ್ಡು ಬರೆಯುವವರು ನೀವಲ್ಲ, ಜತೆಗೆ ಆಡುವವರು. ಕೊನೆಗೆ ನೋಡಿ ಸಹಿ ಹಾಕುವುದು ನಿಮ್ಮ ಜವಾಬ್ದಾರಿ. ಕೂಡಿಸುವುದು ಸಮಿತಿಯ ಕೆಲಸ, ಪ್ರತಿ ಹೋಲಿನ ಸಂಖ್ಯೆ ಮಾತ್ರ ನಿಮ್ಮದು. ಹೊಡೆದದ್ದಕ್ಕಿಂತ ಕಡಿಮೆ ಬರೆದ ಕಾರ್ಡಿಗೆ ಸಹಿ ಹಾಕಿದರೆ ಸಾಮಾನ್ಯವಾಗಿ ಸ್ಪರ್ಧೆಯಿಂದಲೇ ಔಟ್; ಹೆಚ್ಚು ಬರೆದಿದ್ದರೆ ಹೆಚ್ಚಿನದೇ ಗಟ್ಟಿ. 1968ರ ಮಾಸ್ಟರ್ಸ್‌ನಲ್ಲಿ ಅರ್ಜೆಂಟೀನಾದ ರಾಬರ್ಟೋ ಡಿ ವಿಸೆಂಜೊ ಹದಿನೇಳನೆಯ ಹೋಲಿನಲ್ಲಿ 3 ಹೊಡೆದಿದ್ದರು, ಜತೆಗಾರ 4 ಎಂದು ಬರೆದಿದ್ದರು. ನೋಡದೆ ಸಹಿ ಹಾಕಿದರು. ಆ ಒಂದು ಹೊಡೆತಕ್ಕೆ ಪ್ಲೇಆಫ್ ತಪ್ಪಿ ಬಾಬ್ ಗೋಲ್ಬಿ ಗೆದ್ದರು. ಅಂದು ಡಿ ವಿಸೆಂಜೊ ಅವರ ಹುಟ್ಟುಹಬ್ಬ ಬೇರೆ. ಇದನ್ನು ಕೇಳಿದಾಗ ಗೆಳೆಯರು ತಲೆ ಅಲ್ಲಾಡಿಸಿದರು: “ವೋಚರ್ ನೋಡದೆ ಸೈನ್ ಹಾಕಿದ್ದು.”

ಅವರೇ ನನ್ನ ಕಾರ್ಡಿಗೆ ಮೂರು ಗೆರೆ ಎಳೆದುಕೊಟ್ಟರು. ಪ್ರತಿ ಹೋಲಿನ ಮೊತ್ತದ ಕೆಳಗೆ ಪಟ್ ಎಷ್ಟು, ದಂಡ ಎಷ್ಟು, ಗ್ರೀನಿನ ಸುತ್ತ ಮೂವತ್ತು ಗಜದೊಳಗೆ ಹೊಡೆದದ್ದೆಷ್ಟು. ಉಳಿದದ್ದೆಲ್ಲ ದೂರದ ಹೊಡೆತ. ಹೋಲ್ ಮುಗಿದು ಮುಂದಿನ ಟೀಗೆ ನಡೆಯುವಷ್ಟರಲ್ಲಿ ಬರೆದು ಮುಗಿಯುತ್ತದೆ. ನನ್ನ 112 ಹೀಗೆ ಒಡೆಯಿತು: ಪಟ್ 40, ದಂಡ 6, ಹತ್ತಿರದ್ದು 20, ದೂರದ್ದು 46.

ಈ ಅಂಕಿಗಳನ್ನು ಸುಮ್ಮನೆ ನೋಡಿದರೆ ಏನೂ ತಿಳಿಯದು, ಸ್ವಲ್ಪ ಕೆದಕಬೇಕು. ಆರು ದಂಡದಲ್ಲಿ ಮೂರು ನೀರಿಗೆ, ಮೂರು ಕಳೆದ ಚೆಂಡಿಗೆ. ಕಳೆದ ಚೆಂಡಿಗೆ ದಂಡದ ಜತೆ ಹೊಡೆದ ಹೊಡೆತವೂ ವ್ಯರ್ಥ, ಹಾಗಾಗಿ ಅದು ತಲಾ ಎರಡು. ಒಟ್ಟು ಒಂಬತ್ತು ಹೋಯಿತು. ಆರು ಹೋಲುಗಳಲ್ಲಿ ಮೂರು ಮೂರು ಪಟ್ ಹೊಡೆದಿದ್ದೆ, ಅಲ್ಲಿ ಆರು. ಹದಿಮೂರು ಹೋಲುಗಳಲ್ಲಿ ಒಂದೊಂದು ಚಿಪ್ಪಿನಲ್ಲಿ ಗ್ರೀನ್ ಸೇರಬೇಕಾದಲ್ಲಿ ಇಪ್ಪತ್ತು ಹೊಡೆದಿದ್ದೆ, ಅಲ್ಲಿ ಏಳು. ಒಟ್ಟು ಇಪ್ಪತ್ತೆರಡು. ಅಷ್ಟೂ ಉಳಿಯುವುದಿಲ್ಲ ಬಿಡಿ. ಅರ್ಧ ಉಳಿದರೂ 101. ಇದಕ್ಕೆ ಹೊಸ ಡ್ರೈವರ್ ಬೇಡ.

ಹೀಗೆ ಒಂದೊಂದಾಗಿ ಉಳಿಸುವುದು ನಮ್ಮ ಊರಿಗೆ ಹೊಸತಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟರು ದಿನಾ ಮನೆಬಾಗಿಲಿಗೆ ಬಂದು ಎರಡಾಣೆಯಾದರೂ ಸರಿ ಎಂದು ಕಟ್ಟಿಸಿಕೊಂಡು ಹೋಗುತ್ತಿದ್ದರು. ಜತೆಗೆ ಆಡುವ ನಮ್ಮ ಮಂಡಳಿಯಲ್ಲಿ ಒಂದು ಪಟ್ ಉಳಿಸಿದರೆ ಈಗ “ಪಿಗ್ಮಿ ಕಟ್ಟಿದೆ” ಎನ್ನುವುದು ರೂಢಿ.

ಇನ್ನು ಹ್ಯಾಂಡಿಕ್ಯಾಪ್. ಇದನ್ನು ಸರಾಸರಿ ಎಂದುಕೊಂಡವರೇ ಹೆಚ್ಚು, ಆದರೆ ಅದು ನಿಮ್ಮ ಒಳ್ಳೆಯ ದಿನಗಳ ಅಳತೆ. 2020ರಲ್ಲಿ ಜಾರಿಗೆ ಬಂದ ವರ್ಲ್ಡ್ ಹ್ಯಾಂಡಿಕ್ಯಾಪ್ ಸಿಸ್ಟಮ್ ಪ್ರಕಾರ ಕೊನೆಯ 20 ಆಟಗಳಲ್ಲಿ ಚೆನ್ನಾಗಿ ಬಂದ 8ರ ಸರಾಸರಿ. ಭಾರತದಲ್ಲಿ ಇದನ್ನು ನೋಡಿಕೊಳ್ಳುವುದು ಇಂಡಿಯನ್ ಗಾಲ್ಫ್ ಯೂನಿಯನ್. ಶುರುಮಾಡಲು ಒಟ್ಟು 54 ಹೋಲುಗಳ ಕಾರ್ಡುಗಳು ಬೇಕು. ಒಂಬತ್ತು ಹೋಲಿನ ಕಾರ್ಡುಗಳೂ ಆದೀತು. ಗಂಡಸರಿಗೂ ಹೆಂಗಸರಿಗೂ ಮೇಲ್ಮಿತಿ 54.0. ಆಯ್ದದ್ದು ಒಳ್ಳೆಯ ಎಂಟು ಆದದ್ದರಿಂದ ಹ್ಯಾಂಡಿಕ್ಯಾಪ್‌ಗೆ ತಕ್ಕಂತೆ ಆಡುವುದು ನಾಲ್ಕೈದು ಆಟಕ್ಕೊಮ್ಮೆ ಮಾತ್ರ. ಉಳಿದ ದಿನ ಎರಡು ಮೂರು ಹೆಚ್ಚಾದರೆ ಬೇಜಾರು ಮಾಡಬೇಕಾಗಿಲ್ಲ.

ಮೈದಾನ ಕಷ್ಟದ್ದೋ ಸುಲಭದ್ದೋ ಎಂಬುದೂ ಲೆಕ್ಕಕ್ಕೆ ಬರುತ್ತದೆ. ನುರಿತ ಆಟಗಾರ ಅಲ್ಲಿ ಎಷ್ಟು ಹೊಡೆದಾನು ಎಂಬುದು ಕೋರ್ಸ್ ರೇಟಿಂಗ್. ನಮ್ಮಂಥವರಿಗೆ ಅದು ಇನ್ನೂ ಎಷ್ಟು ಕಠಿಣ ಎಂಬುದು ಸ್ಲೋಪ್, ಅದರ ನಡುಮಟ್ಟ 113. ಉದಾಹರಣೆಗೆ ರೇಟಿಂಗ್ 69.5, ಸ್ಲೋಪ್ 120 ಇರುವಲ್ಲಿ 95 ಹೊಡೆದಿರಿ ಎನ್ನಿ. 95ರಿಂದ 69.5 ಕಳೆದರೆ 25.5; ಅದನ್ನು 113ರಿಂದ ಗುಣಿಸಿ 120ರಿಂದ ಭಾಗಿಸಿದರೆ 24.0. ಆ ದಿನದ ನಿಮ್ಮ ಅಂಕ ಅದು. ಸುಲಭದ ಮೈದಾನದಲ್ಲಿ ಹೊಡೆದ 92ಕ್ಕಿಂತ ಕಷ್ಟದಲ್ಲಿ ಹೊಡೆದ 95 ಮೇಲಾಗುವುದು ಹೀಗೆ.

ಒಂದು ಹೋಲಿನಲ್ಲಿ ಪೂರ್ತಿ ಮುಳುಗಿದರೆ? ಅದಕ್ಕೂ ತಡೆ ಉಂಟು. ಪಾರ್, ಅದರ ಮೇಲೆ ಎರಡು, ಅದರ ಮೇಲೆ ಹ್ಯಾಂಡಿಕ್ಯಾಪ್ ಪ್ರಕಾರ ಆ ಹೋಲಿನಲ್ಲಿ ನಿಮಗೆ ಸಿಗುವ ರಿಯಾಯಿತಿ ಹೊಡೆತ, ಇಷ್ಟಕ್ಕಿಂತ ಹೆಚ್ಚು ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಹೋಗುವುದಿಲ್ಲ. 21 ಹ್ಯಾಂಡಿಕ್ಯಾಪಿನವರಿಗೆ ಎಲ್ಲ ಹೋಲಿನಲ್ಲಿ ಒಂದೊಂದು, ಅತಿ ಕಷ್ಟದ ಮೂರರಲ್ಲಿ ಎರಡೆರಡು ರಿಯಾಯಿತಿ. ಅಂಥ ಪಾರ್ 4ರಲ್ಲಿ 11 ಹೊಡೆದರೂ ಹ್ಯಾಂಡಿಕ್ಯಾಪಿಗೆ 8 ಮಾತ್ರ. ಇನ್ನೂ ಹ್ಯಾಂಡಿಕ್ಯಾಪ್ ಸಿಗದವರಿಗೆ ಪಾರ್ ಮೇಲೆ ಐದು.

ಹೊಸಬರು ಗೆಳೆಯರ ನಡುವೆ ಆಡುವಾಗ ಹೊಡೆತ ಕೂಡಿಸುವ ಬದಲು ಸ್ಟೇಬಲ್‌ಫರ್ಡ್ ಆಡಿ ಎನ್ನುವವನು ನಾನು. ಇಂಗ್ಲೆಂಡಿನ ಡಾಕ್ಟರ್ ಫ್ರಾಂಕ್ ಸ್ಟೇಬಲ್‌ಫರ್ಡ್ ಅವರ ಈ ಪದ್ಧತಿಯಲ್ಲಿ 1932ರಲ್ಲಿ ವಾಲಸಿ ಕ್ಲಬ್ಬಿನಲ್ಲಿ ಸ್ಪರ್ಧೆ ನಡೆಯಿತು. ರಿಯಾಯಿತಿ ಕಳೆದು ಪಾರ್ ಬಂದರೆ 2 ಅಂಕ, ಒಂದು ಹೆಚ್ಚಾದರೆ 1, ಒಂದು ಕಡಿಮೆಯಾದರೆ 3. ಎರಡು ಹೆಚ್ಚಾದರೆ ಸೊನ್ನೆ, ಚೆಂಡೆತ್ತಿ ಜೇಬಿಗೆ ಹಾಕಿ ಮುಂದೆ ನಡೆಯಬಹುದು. ಒಂದು ಕೆಟ್ಟ ಹೋಲ್ ಇಡೀ ದಿನವನ್ನು ಹಾಳುಮಾಡದು, ಹಿಂದಿನವರು ಕಾಯಬೇಕಾಗಿಯೂ ಇಲ್ಲ. 36 ಅಂಕ ಬಂದರೆ ಹ್ಯಾಂಡಿಕ್ಯಾಪ್‌ಗೆ ತಕ್ಕ ಆಟ.

ಅಭ್ಯಾಸದ ವಿಷಯದಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರೋಡಿ ಲಕ್ಷಗಟ್ಟಲೆ ಹೊಡೆತಗಳನ್ನು ಲೆಕ್ಕಹಾಕಿ, ಒಳ್ಳೆಯ ಮತ್ತು ಸಾಧಾರಣ ಆಟಗಾರರ ನಡುವಿನ ಅಂತರದಲ್ಲಿ ಸುಮಾರು ಮೂರನೇ ಎರಡು ಪಾಲು ನೂರು ಗಜದಾಚೆಯ ಹೊಡೆತಗಳದ್ದು ಎಂದು ತೋರಿಸಿದ್ದಾರೆ. ಪಟ್ಟಿಂಗೇ ಎಲ್ಲ ಎಂಬ ಹಳೆಯ ನಂಬಿಕೆ ಅಲ್ಲಿಗೆ ಸಡಿಲಾಯಿತು. ಹಾಗಿದ್ದರೂ ನಾವು ಮನೆಯಲ್ಲಿ ಮಾಡಬಹುದಾದದ್ದು ಹತ್ತಿರದ ಆಟವೇ. ದೂರದ್ದಕ್ಕೆ ರೇಂಜ್ ಬೇಕು, ಕಲಿಸುವವರು ಬೇಕು. ಅಲ್ಲಿಯವರೆಗೆ ಬುದ್ಧಿಯಿಂದ ಉಳಿಸಬಹುದು: ಇಕ್ಕಟ್ಟಿನ ಹೋಲಿನಲ್ಲಿ ಡ್ರೈವರ್ ಬಿಟ್ಟು ಹೈಬ್ರಿಡ್ಡೋ ಐದನೇ ಐರನ್ನೋ ಹಿಡಿಯುವುದು. ನನ್ನ ಮೂರು ಕಳೆದ ಚೆಂಡುಗಳೂ ಡ್ರೈವರಿನವೇ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸಿನಲ್ಲಿ ಒಂದೇ ಹೊಡೆತದಿಂದ ಕಂಚು ತಪ್ಪಿ ನಾಲ್ಕನೆಯವರಾದರು. ಎದುರಾಳಿಗಳಷ್ಟು ದೂರ ಹೊಡೆಯಲಾಗದೆಯೂ ಅವರನ್ನು ಅಲ್ಲಿಯವರೆಗೆ ತಂದದ್ದು ಪಟ್ಟರ್.

ಪಟ್ ಅಭ್ಯಾಸಕ್ಕೆ ಹಳೆಯ ಮನೆಯ ಕೆಂಪು ಕಾವಿ ನೆಲ ವಿಪರೀತ ವೇಗದ್ದು, ಚಾಪೆ ಹಾಸಿದರೆ ಹದವಾಗುತ್ತದೆ. ಗಾಲ್ಫ್ ಹೋಲಿನ ಬಾಯಿ 108 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ತೆಂಗಿನ ಗೆರಟೆಯಷ್ಟು. ಗೆರಟೆ ಕವುಚಿ ಹಾಕಿ ಮೂರಡಿಯಿಂದ ಹತ್ತು ಸಲ ತಾಗಿಸಿ. ತಪ್ಪಿದರೆ ಮತ್ತೆ ಒಂದರಿಂದ ಎಣಿಸಿ. ಆದರೆ ಮೂರು ಪಟ್ ಆಗುವುದು ಹತ್ತಿರ ತಪ್ಪಿದ್ದಕ್ಕಿಂತ ಮೊದಲ ಉದ್ದದ ಪಟ್ ಅಳತೆ ಮೀರಿದ್ದರಿಂದ. ಮೈದಾನಕ್ಕೆ ಅರ್ಧ ಗಂಟೆ ಮೊದಲೇ ಹೋಗಿ ಇಪ್ಪತ್ತು ಮೂವತ್ತು ಅಡಿಯಿಂದ ಹೊಡೆದು ಆ ದಿನದ ಗ್ರೀನಿನ ವೇಗ ತಿಳಿದುಕೊಳ್ಳುವುದು ಇದಕ್ಕೇ.

ಚಿಪ್ಪಿಗೆ ಅಂಗಳವೇ ಸಾಕು. ಹತ್ತು ಹೆಜ್ಜೆ ದೂರ ಅಡಿಕೆಯ ಹೆಡಿಗೆ ಇಡಿ, ಅದಕ್ಕೂ ಮೊದಲು ಚೆಂಡು ಬೀಳಬೇಕಾದ ಜಾಗಕ್ಕೆ ಒಂದು ಗೋಣಿಚೀಲ ಹಾಸಿ. ಕಣ್ಣು ಹೆಡಿಗೆಯ ಮೇಲಲ್ಲ, ಗೋಣಿಯ ಮೇಲಿರಲಿ. ಪ್ಲಾಸ್ಟಿಕ್ ಚೆಂಡು ಬಳಸಿ. ನಾನು ಮೊದಲ ವಾರ ನಿಜವಾದ ಚೆಂಡು ಬಳಸಿ ಪಕ್ಕದ ಮನೆಯ ಕೊಟ್ಟಿಗೆಯ ಎರಡು ಹಂಚು ಹಾಕಿಸಿಕೊಡಬೇಕಾಯಿತು. ಬಂಕರಿಗೆ ಕಾಪುವಿನ ಮರಳು ಉಂಟು. ದೀಪಸ್ತಂಭದಿಂದ ದೂರ, ಜನವಿಲ್ಲದ ಬೆಳಗಿನ ಹೊತ್ತು, ಒಣ ಮರಳಿನಲ್ಲಿ ಒಂದು ಗೆರೆ ಎಳೆದು ಚೆಂಡಿಲ್ಲದೆ ಸ್ಯಾಂಡ್ ವೆಡ್ಜ್ ಬೀಸಿ. ಪ್ರತಿ ಸಲ ಕ್ಲಬ್ಬು ಗೆರೆಯಲ್ಲೇ ಮರಳಿಗೆ ಇಳಿಯಬೇಕು. ಆಟದಲ್ಲಿ ಆ ಗೆರೆ ಚೆಂಡಿನ ಹಿಂದೆ ಎರಡು ಬೆರಳಿನಷ್ಟು ಇದ್ದಂತೆ. ಅಲೆ ಬಂದು ಹೋದ ಒದ್ದೆ ಮರಳು ಬೇಡ, ಅಲ್ಲಿ ಕ್ಲಬ್ಬು ಪುಟಿಯುತ್ತದೆ.

ನಮ್ಮ ಮಳೆಗಾಲದಲ್ಲಿ ಆಡುವವರಿಗೆ ಎರಡು ನಿಯಮ ಗೊತ್ತಿದ್ದರೆ ಪುಕ್ಕಟೆ ಹೊಡೆತ ಉಳಿಯುತ್ತದೆ. ಮಳೆಗೆ ನಿಂತ ನೀರಿನಲ್ಲಿ ಚೆಂಡಿದ್ದರೂ ಕಾಲಿದ್ದರೂ ದಂಡವಿಲ್ಲದೆ ಹತ್ತಿರದ ಒಣ ಜಾಗಕ್ಕೆ ಬೀಳಿಸಬಹುದು, ಮೊಣಕಾಲೆತ್ತರದಿಂದ. ಹುಲ್ಲಿನಲ್ಲಿ ತಾನೇ ಮಾಡಿದ ಗುಳಿಯಲ್ಲಿ ಚೆಂಡು ಹೂತರೂ ಅಷ್ಟೇ; ಬಂಕರಿನಲ್ಲಿ ಹೂತದ್ದಕ್ಕೆ ಮಾತ್ರ ಈ ಸೌಲಭ್ಯ ಇಲ್ಲ. ಜುಲೈಯಲ್ಲಿ ಚೆಂಡು ಬಿದ್ದಲ್ಲೇ ಕೂರುತ್ತದೆ, ಉರುಳುವುದಿಲ್ಲ, ಹಾಗಾಗಿ ಒಂದು ಕ್ಲಬ್ ದೊಡ್ಡದೇ ತೆಗೆಯಿರಿ. ಗುಡುಗಿದರೆ ಕಬ್ಬಿಣದ ಕೋಲು ಹಿಡಿದು ಬಯಲಿನಲ್ಲಿ ನಿಲ್ಲಬೇಡಿ.

ಹೋದ ತಿಂಗಳ ನನ್ನ ಕಾರ್ಡು 104. ಪಟ್ 36, ದಂಡ 2. ಗೆಳೆಯರಿಗೆ ಕೊಟ್ಟೆ. ಕನ್ನಡಕ ಮೇಲೇರಿತು, ಬೆರಳು ಸಾಲಿನ ಮೇಲೆ ಓಡಿತು, ಹದಿಮೂರನೆಯ ಹೋಲಿನಲ್ಲಿ ನಿಂತಿತು. “ಇಲ್ಲಿ ಪಟ್ ಬರ್ದೇ ಇಲ್ಲ ನೀವು.”