ಕೊಳವೆ ಬಾವಿಯ ಪೈಪು ಎತ್ತುವ ಕ್ಲಾಂಪು: ಸದಸ್ಯರು ತಿಳಿದಿರಬೇಕಾದ ಸಂಗತಿಗಳು



ಹತ್ತು ಲೀಟರು ಹಾಲು ಕೊಡುವ ಮಿಶ್ರತಳಿ ಹಸುವಿಗೆ ಬೇಸಿಗೆಯಲ್ಲಿ ದಿನಕ್ಕೆ 60ರಿಂದ 80 ಲೀಟರು ಕುಡಿಯುವ ನೀರು ಬೇಕು. ಕೊಟ್ಟಿಗೆ ತೊಳೆಯುವುದು, ಮೈ ತೊಳೆಯುವುದು, ಹಸಿರು ಮೇವಿಗೆ ನೀರು ಹಾಯಿಸುವುದು ಇದರ ಮೇಲೆ. ಹಾಲಿನ ನೂರು ಪಾಲಿನಲ್ಲಿ ಸುಮಾರು 87 ಪಾಲು ನೀರೇ ಆಗಿರುವುದರಿಂದ, ಬೋರ್‌ವೆಲ್ ಮೋಟರು ಕೆಟ್ಟು ನಿಂತ ಮನೆಯಲ್ಲಿ ಮರುದಿನವೇ ಡೇರಿಗೆ ಹಾಕುವ ಹಾಲು ಇಳಿಯುತ್ತದೆ. ಆದುದರಿಂದ ಮೋಟರು ಎತ್ತಿಸುವ ಕೆಲಸ ಬಂದಾಗ ನಮಗೆಲ್ಲ ಅವಸರ ಇದ್ದೇ ಇರುತ್ತದೆ. ಈ ಅವಸರದಲ್ಲಿ ನಾವು ನೋಡದೆ ಬಿಡುವ ಒಂದು ಸಣ್ಣ ಸಲಕರಣೆಯ ಬಗ್ಗೆ ಈ ಲೇಖನ. ಅದೇ ಪೈಪು ಹಿಡಿಯುವ ಕ್ಲಾಂಪು.

ಮೊದಲು ಅದು ಹೊರುವ ಭಾರವನ್ನು ಲೆಕ್ಕ ಹಾಕೋಣ. ಎರಡು ಇಂಚಿನ ಜಿ.ಐ. ಪೈಪು ಮೀಟರಿಗೆ ಸುಮಾರು 5 ಕಿಲೋ ತೂಗುತ್ತದೆ. ಇಪ್ಪತ್ತು ಅಡಿಯ ಒಂದು ಲೆಂತು ಎಂದರೆ 30 ಕಿಲೋ. ಆರುನೂರು ಅಡಿಗೆ ಬಿಟ್ಟಿದ್ದರೆ 30 ಲೆಂತು, ಅಂದರೆ 900 ಕಿಲೋ. ಮೋಟರು ಪಂಪು ಸೇರಿ ಇನ್ನೊಂದು ನೂರು ಕಿಲೋದ ಆಸುಪಾಸು. ಇಲ್ಲಿಗೆ ಮುಗಿಯಲಿಲ್ಲ. ಪಂಪಿನ ಮೇಲಿರುವ ವಾಲ್ವು ಸರಿಯಾಗಿದ್ದರೆ ಪೈಪಿನೊಳಗಿನ ನೀರು ಕೆಳಗೆ ಇಳಿಯುವುದಿಲ್ಲ. ಒಂದು ಲೆಂತಿನಲ್ಲಿ ಸುಮಾರು 13 ಲೀಟರು ನೀರು ನಿಂತಿರುತ್ತದೆ. ಬಾವಿಯ ನೀರಿನ ಮಟ್ಟ 400 ಅಡಿಯಲ್ಲಿದ್ದರೆ, ಅದಕ್ಕಿಂತ ಮೇಲಿನ 20 ಲೆಂತಿನ ನೀರು 260 ಕಿಲೋ. ಪೈಪು ಬಿಚ್ಚಿದಾಗ ಕೆಲಸಗಾರರ ಮೈಮೇಲೆ ಸುರಿಯುವ ನೀರು ಇದೇ. ಎಲ್ಲ ಸೇರಿದರೆ ಒಂದೂಕಾಲು ಟನ್ನು. ಮೂರು ಮಿಶ್ರತಳಿ ಹಸುಗಳನ್ನು ಒಟ್ಟಿಗೆ ನೇತುಹಾಕಿದಷ್ಟು ಭಾರವನ್ನು ಎರಡು ಬೋಲ್ಟುಗಳ ಒಂದು ಕಬ್ಬಿಣದ ತುಂಡು ಹಿಡಿದುಕೊಂಡಿರಬೇಕು.

ನಮ್ಮ ಕಡೆ ಹೆಚ್ಚಾಗಿ ಬಳಸುವುದು ಎರಡು ಹೋಳಿನ ಕ್ಲಾಂಪು. ದಪ್ಪ ಕಬ್ಬಿಣದ ಪಟ್ಟಿಯನ್ನು ಅರ್ಧಚಂದ್ರದಂತೆ ಬಗ್ಗಿಸಿ, ಎರಡು ಹೋಳುಗಳನ್ನು ಪೈಪಿನ ಎರಡು ಕಡೆ ಇಟ್ಟು ಬೋಲ್ಟಿನಿಂದ ಬಿಗಿಯುತ್ತಾರೆ. ಎರಡು ಬದಿಗೆ ಚಾಚಿದ ಕಿವಿಗಳಿಗೆ ಚೈನು ಸಿಕ್ಕಿಸಿ, ಮೂರು ಕಾಲಿನ ಕಂಬಕ್ಕೆ ಕಟ್ಟಿದ ಚೈನ್ ಬ್ಲಾಕಿನಿಂದ ಎತ್ತುತ್ತಾರೆ. ಈ ಕ್ಲಾಂಪಿನ ಹಿಡಿತ ನಾವು ಪಾನಾದಿಂದ ಎಷ್ಟು ಬಿಗಿದೆವೋ ಅಷ್ಟೇ. ಕೆಳಗೆ ನೂರು ಕಿಲೋ ಇರಲಿ, ಸಾವಿರ ಕಿಲೋ ಇರಲಿ, ಅದು ತಾನಾಗಿ ಹೆಚ್ಚು ಬಿಗಿಯಾಗುವುದಿಲ್ಲ. ಹಾಗಿದ್ದರೂ ಕೆಲಸ ನಡೆಯುತ್ತದೆ, ಏಕೆಂದರೆ ಭಾರವನ್ನು ನಿಜವಾಗಿ ಹೊರುವುದು ಹಿಡಿತವಲ್ಲ, ಪೈಪಿನ ಸಾಕೆಟ್ಟು. ಕ್ಲಾಂಪನ್ನು ಸಾಕೆಟ್ಟಿನ ಕೆಳಗೆ ಒತ್ತಿ ಹಾಕಿದಾಗ, ಪೈಪು ಸ್ವಲ್ಪ ಜಾರಿದರೂ ಸಾಕೆಟ್ಟಿನ ಅಂಚು ಕ್ಲಾಂಪಿನ ಮೇಲೆ ಬಂದು ಕೂರುತ್ತದೆ.

ಇನ್ನೊಂದು ಬಗೆ ಭಾರದಿಂದಲೇ ಬಿಗಿಯಾಗುವ ಕ್ಲಾಂಪು. ಹಸುವಿಗೆ ಜಾರುವ ಕುಣಿಕೆ ಹಾಕಿದರೆ ಅದು ಜಗ್ಗಿದಷ್ಟೂ ಬಿಗಿಯಾಗುವುದನ್ನು ನೀವೆಲ್ಲ ಬಲ್ಲಿರಿ. ಇದೂ ಹಾಗೆಯೇ. ಕೆಳಗೆ ಕಿರಿದಾಗುವ ಬಟ್ಟಲಿನಂಥ ಚೌಕಟ್ಟಿನಲ್ಲಿ ಒಳಮೈಗೆ ಹಲ್ಲುಗಳಿರುವ ಬೆಣೆಗಳನ್ನು ಕೂರಿಸಿರುತ್ತಾರೆ. ಪೈಪು ಕೆಳಗೆ ಜಾರಲು ಹೋದರೆ ಬೆಣೆಯನ್ನೂ ಜತೆಗೆ ಎಳೆಯುತ್ತದೆ. ಬೆಣೆ ಕಿರಿದಾದ ಕಡೆಗೆ ಇಳಿದಂತೆ ಪೈಪನ್ನು ಇನ್ನಷ್ಟು ಅಮುಕುತ್ತದೆ. ಪೈಪನ್ನು ಮೇಲಕ್ಕೆ ಎಳೆದರೆ ಬೆಣೆ ಸಡಿಲವಾಗಿ ದಾರಿ ಬಿಡುತ್ತದೆ. ಎಣ್ಣೆ ಬಾವಿ ಕೊರೆಯುವ ದೊಡ್ಡ ರಿಗ್ಗುಗಳಲ್ಲಿ ನೂರಾರು ಟನ್ನಿನ ಪೈಪುಗಳನ್ನು ಹಿಡಿದು ನಿಲ್ಲಿಸುವುದೂ ಇದೇ ಉಪಾಯದಿಂದ. 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ರೂಪುಗೊಂಡು ನಮ್ಮ ಊರೂರಿಗೂ ಬಂದ ಇಂಡಿಯಾ ಮಾರ್ಕ್-2 ಕೈಪಂಪಿನ ರಿಪೇರಿ ಪೆಟ್ಟಿಗೆಯಲ್ಲಿಯೂ ತಾನಾಗಿ ಬಿಗಿದುಕೊಳ್ಳುವ ಕ್ಲಾಂಪು ಒಂದು ಇರುತ್ತದೆ. ಒಂದೂಕಾಲು ಇಂಚಿನ, ಮೂರು ಮೀಟರಿನ ಪೈಪುಗಳನ್ನು ಮೂರು ನಾಲ್ಕು ಜನ ಕೈಯಿಂದಲೇ ಎತ್ತುವಾಗ, ಕೈ ಸೋತರೂ ಪೈಪು ಕೆಳಗೆ ಹೋಗದಂತೆ ಅದು ತಡೆಯುತ್ತದೆ. ಪದೇ ಪದೇ ಪೈಪು ಎತ್ತುವ ತೊಂದರೆ ತಪ್ಪಿಸಲೆಂದೇ ಮುಂದೆ ಮಾರ್ಕ್-3 ಪಂಪಿನಲ್ಲಿ ಎರಡೂವರೆ ಇಂಚಿನ ಪೈಪು ಹಾಕಿ, ಒಳಗಿನ ಪಿಸ್ಟನ್ನನ್ನು ಮಾತ್ರ ಮೇಲೆ ತೆಗೆಯುವ ಹಾಗೆ ಮಾಡಿದರು.

ಬೆಣೆಯ ಕ್ಲಾಂಪು ಮೇಲೆಂದು ನಾನು ಹೇಳುತ್ತಿಲ್ಲ. ಅದಕ್ಕೂ ದೌರ್ಬಲ್ಯಗಳಿವೆ. ಹಲ್ಲುಗಳ ನಡುವೆ ತುಕ್ಕು, ಕೆಸರು ತುಂಬಿಕೊಂಡರೆ ಕಚ್ಚುವುದಿಲ್ಲ. ಭಾರ ಕಡಿಮೆಯಾದ ಕಡೆಯ ಲೆಂತುಗಳಲ್ಲಿ ಹಿಡಿತವೂ ಕಡಿಮೆ. ಪ್ಲಾಸ್ಟಿಕ್ ಪೈಪಿಗಂತೂ ಹಲ್ಲಿನ ಕ್ಲಾಂಪು ಹಾಕಲೇಬಾರದು, ಹಲ್ಲು ಕಚ್ಚಿದ ಗುರುತಿನಲ್ಲಿಯೇ ಮುಂದೊಂದು ದಿನ ಪೈಪು ಸೀಳುತ್ತದೆ. ಯು.ಪಿ.ವಿ.ಸಿ. ಕಾಲಂ ಪೈಪಿಗೆ ಅದರದೇ ಅಳತೆಯ ನಯವಾದ ಕ್ಲಾಂಪನ್ನು ಕಪ್ಲಿಂಗಿನ ಕೆಳಗೆ ಹಾಕಿಸಿರಿ.

2003ರ ಬೇಸಿಗೆಯಲ್ಲಿ ನಮ್ಮ ಮನೆಯ ಬೋರ್‌ವೆಲ್‌ನಲ್ಲಿಯೇ ಪೈಪು ಬಿದ್ದುಹೋಯಿತು. ಒಂದೂವರೆ ಇಂಚಿನ 22 ಲೆಂತು. ಕೆಲಸಕ್ಕೆ ಬಂದವರ ಬಳಿ ಇದ್ದದ್ದು ಎರಡು ಇಂಚಿನ ಕ್ಲಾಂಪು. ಗೋಣಿಚೀಲ ಸುತ್ತಿ ಬಿಗಿದರು. ಒಂಬತ್ತು ಲೆಂತು ಸುಸೂತ್ರವಾಗಿ ಬಂತು. ಹತ್ತನೆಯದು ಬಿಚ್ಚುವಾಗ ಸಾಕೆಟ್ಟು ಕೆಳಗಿನ ಪೈಪಿನಲ್ಲಿ ಉಳಿಯದೆ ಮೇಲಿನ ಪೈಪಿನ ಜತೆ ತಿರುಗಿ ಬಂದುಬಿಟ್ಟಿತು. ಉಳಿದ ಪೈಪಿನ ತುದಿಯಲ್ಲಿ ಬರೀ ಮರೆ. ತಡೆಯುವುದಕ್ಕೆ ಅಂಚಿಲ್ಲ, ಗೋಣಿ ಒದ್ದೆ. ಒಂದು ಕ್ಷಣ ಕಿರ್ ಎಂದಿತು, ಆಮೇಲೆ ಮೋಟರು ಸಮೇತ ಎಲ್ಲವೂ ಒಳಗೆ. ಕೊಕ್ಕೆ ಬಿಟ್ಟು, ಮರೆಯುಳ್ಳ ಚೂಪು ತುದಿ ಬಿಟ್ಟು ಐದು ದಿನ ಹುಡುಕಿಸಿದೆವು. ಸಿಗಲಿಲ್ಲ. ನಮ್ಮ ತಾಯಿಯವರು ನಾಲ್ಕು ಹಸುಗಳಿಗೆ ಅರ್ಧ ಮೈಲಿಯಿಂದ ಕೊಡದಲ್ಲಿ ನೀರು ಹೊತ್ತರು. ಎರಡೂ ಹೊತ್ತು ಸೇರಿ ಡೇರಿಗೆ ಹಾಕುತ್ತಿದ್ದ 24 ಲೀಟರು ಹಾಲು ವಾರದೊಳಗೆ 15ಕ್ಕೆ ಇಳಿಯಿತು. ಮಳೆಗಾಲಕ್ಕೆ ಮೊದಲು ಎರಡು ಹಸು ಮಾರಿದೆವು. ಬಂದವರನ್ನು ನಾನು ದೂರುವುದಿಲ್ಲ. ಅಳತೆ ಸರಿಯಿಲ್ಲವೆಂದು ಅವರೇ ಹೇಳಿದ್ದರು, ಇಂದೇ ಆಗಲಿ ಎಂದು ಹಟ ಹಿಡಿದವನು ನಾನು.

ಅಂದಿನಿಂದ ಯಾರ ತೋಟದಲ್ಲಿ ಮೋಟರು ಎತ್ತಿದರೂ ನನ್ನ ಕಣ್ಣು ಹೋಗುವುದು ಕ್ಲಾಂಪಿನ ಎರಡು ಹೋಳುಗಳ ನಡುವಿನ ಸಂದಿಗೆ. ಬೋಲ್ಟು ಪೂರ್ತಿ ಬಿಗಿದ ಮೇಲೂ ಅಲ್ಲಿ ಸಂದಿ ಉಳಿದಿರಬೇಕು. ಹೋಳುಗಳು ಒಂದಕ್ಕೊಂದು ತಾಗಿದ್ದರೆ ನೀವು ಬಿಗಿಯುತ್ತಿರುವುದು ಕ್ಲಾಂಪನ್ನು, ಪೈಪನ್ನಲ್ಲ. ಇದನ್ನು ತಿಳಿಯಲು ಮೆಕ್ಯಾನಿಕ್ಕೇ ಆಗಬೇಕಿಲ್ಲ, ಬಗ್ಗಿ ನೋಡಿದರೆ ಸಾಕು. ಪೈಪಿನ ಹೊರಮೈ ಅಳತೆ ಎರಡು ಇಂಚಿನದಕ್ಕೆ ಸುಮಾರು 60 ಮಿಲಿಮೀಟರು, ಒಂದೂವರೆ ಇಂಚಿನದಕ್ಕೆ 48. ಹನ್ನೆರಡು ಮಿಲಿಮೀಟರಿನ ಈ ವ್ಯತ್ಯಾಸವನ್ನು ಗೋಣಿಯಾಗಲಿ ರಬ್ಬರಾಗಲಿ ತುಂಬಲಾರದು.

ಇನ್ನು ಕ್ಲಾಂಪು ಎರಡು ಇರಲೇಬೇಕು, ಮತ್ತು ಸರದಿಯ ಮೇಲೆ ಕೆಲಸ ಮಾಡಬೇಕು. ಒಂದನ್ನು ಚೈನಿಗೆ ಸಿಕ್ಕಿಸಿ ಒಂದು ಲೆಂತು ಎತ್ತಿದ ಮೇಲೆ, ಕೆಳಗಿನ ಸಾಕೆಟ್ಟಿನ ಅಡಿಗೆ ಎರಡನೆಯದನ್ನು ಬಿಗಿದು, ಕೇಸಿಂಗ್ ಬಾಯಿಯ ಎರಡು ಬದಿ ಇಟ್ಟ ಕಬ್ಬಿಣದ ತೊಲೆಗಳ ಮೇಲೆ ಭಾರವನ್ನು ನಿಧಾನವಾಗಿ ಇಳಿಸುತ್ತಾರೆ. ಎರಡನೆಯದು ಪೂರ್ತಿ ಭಾರ ಹೊತ್ತು ನಿಂತಿದೆ ಎಂದು ಖಾತ್ರಿಯಾಗುವವರೆಗೆ ಮೊದಲನೆಯದರ ಬೋಲ್ಟು ಮುಟ್ಟಬಾರದು. ಕೈ ಬದಲಿಸುವ ಈ ಗಳಿಗೆಯಲ್ಲಿಯೇ ಪೈಪು ಜಾರುವ ಅಪಾಯ ಹೆಚ್ಚು. ಮೇಲಿನ ಲೆಂತು ಬಿಚ್ಚುವಾಗ ಒಂದು ರೆಂಚು ಸಾಕೆಟ್ಟನ್ನೇ ಹಿಡಿದಿರಬೇಕು, ಇನ್ನೊಂದು ಮೇಲಿನ ಪೈಪನ್ನು ತಿರುಗಿಸಬೇಕು. ಹಾಗೆ ಮಾಡಿದರೆ ಸಾಕೆಟ್ಟು ಕೆಳಗೇ ಉಳಿಯುತ್ತದೆ. ಒಂದೂಕಾಲು ಟನ್ನಿಗೆ ಎರಡು ಟನ್ನಿನ ಚೈನ್ ಬ್ಲಾಕು ಬೇಕು, ಅದರ ಶಕ್ತಿ ಎಷ್ಟೆಂದು ಅದರ ಮೇಲೆಯೇ ಬರೆದಿರುತ್ತದೆ. ಚೈನ್ ಬ್ಲಾಕಿನಲ್ಲಿ ಕೈ ಬಿಟ್ಟರೂ ಭಾರ ಅಲ್ಲಿಯೇ ನಿಲ್ಲುವಂತೆ ಬ್ರೇಕು ಇದೆ. ಹಗ್ಗ ಮತ್ತು ರಾಟೆಯಲ್ಲಿ ಅದಿಲ್ಲ.

ಕರೆಂಟಿನ ವಿಷಯದಲ್ಲಿ ಎರಡು ಮಾತು. ಫ್ಯೂಸು ತೆಗೆದು ಜೇಬಿಗೆ ಹಾಕಿಕೊಳ್ಳಿರಿ. ಬಾವಿಯ ಮೇಲೆ ಅಥವಾ ಪಕ್ಕದಲ್ಲಿ ವಿದ್ಯುತ್ ತಂತಿ ಹಾದುಹೋಗಿದ್ದರೆ ಲೈನ್‌ಮನ್ ಬಂದು ಲೈನು ಬಂದ್ ಮಾಡುವವರೆಗೆ ಕಂಬ ನಿಲ್ಲಿಸಬೇಡಿರಿ. ಬಿಚ್ಚಿದ ಇಪ್ಪತ್ತು ಅಡಿಯ ಪೈಪು ಓಲಾಡಿ ತಂತಿಗೆ ತಾಗಿದರೆ ಅದನ್ನು ಹಿಡಿದವರೆಲ್ಲರ ಪ್ರಾಣಕ್ಕೆ ಅಪಾಯ.

ಮೋಟರು ರಿಪೇರಿಗೆ ಹೋದ ದಿನಗಳಲ್ಲಿ ಕೇಸಿಂಗ್ ಬಾಯಿಗೆ ಕಬ್ಬಿಣದ ಮುಚ್ಚಳ ಹಾಕಿ ಬೋಲ್ಟು ಬಿಗಿಯಿರಿ. ಕೆಲಸಕ್ಕೆ ಬಾರದ ಕೊಳವೆ ಬಾವಿಗಳನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟು 2010ರಲ್ಲಿಯೇ ಆದೇಶಿಸಿದೆ. ಆದರೆ ನಾಲ್ಕು ದಿನದ ಮಟ್ಟಿಗೆ ತೆರೆದಿಟ್ಟ ಬಾವಿಯೂ ಮಗುವಿನ ಕಾಲಿಗೆ ಅಷ್ಟೇ ಅಪಾಯ.

ಮೋಟರು ಮತ್ತೆ ಇಳಿಸುವಾಗ ಪಂಪ್ ಮನೆಯ ಗೋಡೆಯ ಮೇಲೆ ಬಣ್ಣದಲ್ಲಿ ಇಷ್ಟು ಬರೆದಿಡಿರಿ: ಎಷ್ಟು ಲೆಂತು, ಎಷ್ಟು ಇಂಚು, ಜಿ.ಐ.ಯೋ ಪ್ಲಾಸ್ಟಿಕ್ಕೋ, ಇಳಿಸಿದ ತಾರೀಖು. ಮುಂದಿನ ಸಲ ಮೆಕ್ಯಾನಿಕ್ಕಿಗೆ ಫೋನು ಮಾಡುವಾಗ ಅದನ್ನು ಓದಿ ಹೇಳಿದರೆ, ಅವರು ಸರಿಯಾದ ಅಳತೆಯ ಕ್ಲಾಂಪು ಹಿಡಿದುಕೊಂಡೇ ಬರುತ್ತಾರೆ.